ಆರ್ಕೈವ್: ಫ್ರೀ, ಫಾಸ್ಟ್, ಆದ್ರೆ ಕೆಲಸ ಕೊಡ್ಸಲ್ಲ

ರಿಸರ್ಚ್ ಲೈನಲ್ಲಿ ಕಂಡುಹಿಡಿಯೋದಕ್ಕಿಂತ ಕಾಯೋದೇ ಜಾಸ್ತಿ. ಜರ್ನಲ್‌ಗೆ ಪೇಪರ್ ಕಳ್ಸಿದ್ಮೇಲೆ ಸ್ಟೇಟಸ್ 'ಅಂಡರ್ ರಿವ್ಯೂ' ಅಂತ ತಿಂಗಳುಗಟ್ಲೆ ಅಲ್ಲಾಡಲ್ಲ, ಅಷ್ಟರಲ್ಲಿ ಫೆಲೋಶಿಪ್ ಮುಗಿಯೋಕ್ ಬಂದಿರುತ್ತೆ, ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ಆದ್ಮೇಲಿನ ರಿಸರ್ಚ್ ಕೆಲಸ) ಅರ್ಜಿ ಹಾಕ್ಬೇಕು, ಇನ್ಯಾರೋ ಅದೇ ರಿಸಲ್ಟ್ ಮೊದ್ಲೇ ಹಾಕ್ಬಿಟ್ರೆ ಅನ್ನೋ ಭಯ ಬೇರೆ. ಈ ಕಾಟಕ್ಕೆ ಸ್ವಲ್ಪ ಮದ್ದು ಅಂದ್ರೆ, ಜರ್ನಲ್‌ಗೆ ಕಾಯ್ದೇ ಪೇಪರ್ ಎಲ್ಲರಿಗೂ ಕಾಣೋ ಹಾಗೆ ಹಾಕೋ ಆರ್ಕೈವ್ (arXiv) ವೆಬ್‌ಸೈಟು.

1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಅನ್ನೋ ಭೌತವಿಜ್ಞಾನಿ ಶುರು ಮಾಡಿದ್ದು. ಪೇಪರ್ ಹಾಕೋಕೂ ದುಡ್ಡಿಲ್ಲ, ಓದೋಕೂ ದುಡ್ಡಿಲ್ಲ. ಎಲ್ಲಾ ಸರಿಯಿದ್ರೆ ಕೆಲವೇ ದಿನದಲ್ಲಿ ಲೈವ್, ತಾರೀಖು ಸಮೇತ, ಅಂದ್ಮೇಲೆ ನಾನೇ ಮೊದ್ಲು ಮಾಡಿದ್ದು ಅನ್ನೋಕೆ ಒಂದು ಸಾಕ್ಷಿ ಸಿಕ್ಕಂಗಾಯ್ತು. ಹೊಸಬರಿಗೆ ಮಾತ್ರ ಆ ಫೀಲ್ಡಲ್ಲಿ ಮೊದ್ಲೇ ಪೇಪರ್ ಹಾಕಿರೋರ ಎಂಡಾರ್ಸ್‌ಮೆಂಟ್, ಅಂದ್ರೆ ಶಿಫಾರಸು, ಬೇಕಾಗ್ಬಹುದು, ಗೈಡ್ ಹಿಂದೆ ಸುತ್ತೋದು ಇಲ್ಲೂ ತಪ್ಪಲ್ಲ.

ಒಂದು ವಿಷ್ಯ ಹುಷಾರು. ಲೇಟೆಕ್ ಅನ್ನೋ ಟೈಪ್‌ಸೆಟ್ಟಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದಿದ್ರೆ ಬರೀ ಪಿಡಿಎಫ್ ತಗೊಳಲ್ಲ, ಸೋರ್ಸ್ ಫೈಲೇ ಕೊಡ್ಬೇಕು, ಆ ಸೋರ್ಸನ್ನ ಯಾರ್ ಬೇಕಾದ್ರೂ ಡೌನ್‌ಲೋಡ್ ಮಾಡ್ಕೋಬಹುದು. ಪಿಡಿಎಫ್‌ನಲ್ಲಿ ಕಾಣದ ಹಾಗೆ ಪರ್ಸೆಂಟ್ ಚಿಹ್ನೆ ಹಾಕಿ ಅಡಗಿಸಿಟ್ಟ 'ಈ ಗ್ರಾಫ್ ಯಾಕೋ ಸರಿ ಕಾಣ್ತಿಲ್ಲ, ರೆಫರೀ ಕೇಳಿದ್ರೆ ನೋಡ್ಕೊಳೋಣ' ಥರದ ಸಾಲೂ (ರೆಫರೀ ಅಂದ್ರೆ ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸೋರು) ಊರಿಗೆಲ್ಲಾ ಗೊತ್ತಾಗುತ್ತೆ. ಆಮೇಲೆ ತಿದ್ದಿ ಎರಡನೇ ವರ್ಷನ್ ಹಾಕಿದ್ರೂ ಮೊದಲ್ನೇದು ಅಳ್ಸೋಗಲ್ಲ, ವಿತ್‌ಡ್ರಾ ಮಾಡಿದ್ರೂ ಹಳೇದು ಅಲ್ಲೇ ಇರುತ್ತೆ.

ಮಾಡರೇಟರ್‌ಗಳು ಒಂದ್ಸಲ ಕಣ್ಣಾಡಿಸ್ತಾರೆ ಅಷ್ಟೆ, ಲೆಕ್ಕ ಸರಿ ಇದೆಯಾ ಅಂತ ಕೂತು ಚೆಕ್ ಮಾಡಲ್ಲ, ಆದ್ರಿಂದ ಕಂಡಿದ್ದನ್ನೆಲ್ಲ ನಂಬ್ಬೇಡಿ. ಹಾಗಂತ ಬೆಲೆ ಇಲ್ಲ ಅಂತಲ್ಲ, ರಷ್ಯಾದ ಗಣಿತಜ್ಞ ಪೆರೆಲ್ಮಾನ್ 2002-03ರಲ್ಲಿ ಪ್ವಾಂಕರೆ ಊಹೆ ಅನ್ನೋ ಗಣಿತದ ಹಳೇ ಕಗ್ಗಂಟಿನ ಪ್ರೂಫ್ ಹಾಕಿದ್ದು ಇಲ್ಲೇ, ಜರ್ನಲ್‌ಗೆ ಕಳಿಸ್ಲೇ ಇಲ್ಲ, ಆದ್ರೂ 2006ರಲ್ಲಿ ಗಣಿತದ ದೊಡ್ಡ ಪ್ರಶಸ್ತಿ ಫೀಲ್ಡ್ಸ್ ಮೆಡಲ್ ಮನೆ ಬಾಗಿಲಿಗೆ ಬಂತು, ಪುಣ್ಯಾತ್ಮ ಬೇಡ ಅಂದ.

ನಾವು ನೀವು ಪೆರೆಲ್ಮಾನ್ ಅಲ್ವಲ್ಲ, ಸೆಲೆಕ್ಷನ್ ಕಮಿಟಿಯೋರು ಸಿವಿ ತೆಗೆದ್ರೆ ಬಹಳಷ್ಟು ಕಡೆ ಮೊದ್ಲು ಹುಡುಕೋದು ಜರ್ನಲ್ ಹೆಸ್ರನ್ನೇ. ಅದಕ್ಕೇ ಇಲ್ಲಿ ಹಾಕಿದ ಕೈಯಲ್ಲೇ ಅಲ್ಲಿಗೂ ಕಳ್ಸಿ, ಆದ್ರೆ ಆ ಜರ್ನಲ್‌ನ ಪ್ರಿಪ್ರಿಂಟ್ (ಹೀಗೆ ಜರ್ನಲ್‌ಗಿಂತ ಮುಂಚೆ ಹಾಕೋ ಪೇಪರ್) ರೂಲ್ಸ್ ಮೊದ್ಲು ಓದ್ಕೊಳಿ. ಬಯಾಲಜಿಯೋರಿಗೆ 2013ರಿಂದ ಬಯೋಆರ್ಕೈವ್ ಅಂತ ಬೇರೆನೇ ಇದೆ, ಅಲ್ಲಿ ನೋಡಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಸರ್ಚ್‌ಗೆ, ಒಂದೇ ಹೆಸರಿನೋರೆಲ್ಲಾ ಕಲಸುಮೇಲೋಗರ ಆಗಿ ಬರ್ತಾರೆ.