ಅಂಡಮಾನ್‌ನಲ್ಲಿ ಎರಡು ದಿನ: ಹ್ಯಾವ್‌ಲಾಕೋ, ನೀಲೋ?

2018ರಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಅಂತ ಹೆಸರಿಟ್ಟರು. ಆದರೂ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಜಾಸ್ತಿ. ಪೋರ್ಟ್ ಬ್ಲೇರ್‌ನಿಂದ (2024ರಿಂದ ಇದರ ಅಧಿಕೃತ ಹೆಸರು ಶ್ರೀ ವಿಜಯಪುರಂ) ಎರಡಕ್ಕೂ ಹಡಗಿದೆ.

ಸ್ಕೂಬಾ ಡೈವಿಂಗ್ ಕಲಿಯಬೇಕು, ಊಟಕ್ಕೆ ನಾಲ್ಕಾರು ಕಡೆ ಆಯ್ಕೆ ಬೇಕು ಅನ್ನುವವರಿಗೆ ಹ್ಯಾವ್‌ಲಾಕ್ ಸರಿ. ರಾಧಾನಗರದ ಉದ್ದನೆಯ ಬಿಳಿ ಮರಳಿನ ದಂಡೆ ನಿಜಕ್ಕೂ ಚೆಂದ. ಆದರೆ ಸೀಸನ್‌ನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿ ಜನವೋ ಜನ.

ಸುಮ್ನೆ ಕಾಲು ಚಾಚಿ ಕೂರಬೇಕು ಅನ್ನುವವರು ನೀಲ್‌ಗೆ ಹೋಗಿ. ನನ್ನ ಮತವೂ ಅದಕ್ಕೇ. ಪುಟ್ಟ ದ್ವೀಪ, ಬಾಡಿಗೆ ಸೈಕಲ್ಲೇ ಸಾಕು. ರಸ್ತೆ ಪಕ್ಕದಲ್ಲಿ ಬಾಳೆ, ಅಡಿಕೆ, ತರಕಾರಿ ತೋಟಗಳು. ಇಲ್ಲಿನ ತರಕಾರಿ ಬೇರೆ ದ್ವೀಪಗಳಿಗೂ ಹೋಗುತ್ತದೆ. ಬೆಳಗ್ಗೆ ಸೀತಾಪುರದಲ್ಲಿ ಸೂರ್ಯೋದಯ, ಸಂಜೆ ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ. ಅಲೆಗಳು ಕೊರೆದ ಕಲ್ಲಿನ ಕಮಾನೂ ಇಲ್ಲಿದೆ. ಅದನ್ನು ನೋಡಲು ನೀರು ಇಳಿದಾಗಲೇ ಹೋಗಬೇಕು. ಆಗ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಬೆರಳುದ್ದದ ಮೀನುಗಳು, ಏಡಿಗಳು, ಕಪ್ಪಗೆ ಬಿದ್ದುಕೊಂಡ ಸಮುದ್ರ ಸೌತೆ (ಸೌತೆಕಾಯಿ ಆಕಾರದ ಕಡಲ ಪ್ರಾಣಿ) ಕಾಣುತ್ತವೆ. ದಯವಿಟ್ಟು ಅವನ್ನು ಕೈಗೆತ್ತಿಕೊಳ್ಳಬೇಡಿ, ಹವಳವನ್ನು ತುಳಿಯಬೇಡಿ.

ಜಾರುವ ಬಂಡೆಗಳ ಮೇಲೆ ವಯಸ್ಸಾದವರಿಗೆ ಕಷ್ಟ, ಅವರಿಗೆ ರಾಧಾನಗರದ ಮರಳೇ ಹಿತ. ನೀಲ್‌ನಲ್ಲಿ ಅಂಗಡಿಗಳು ಕಡಿಮೆ. ಮಾತ್ರೆ, ನಗದು ಮೊದಲೇ ಇಟ್ಟುಕೊಳ್ಳಿ. ಹವಾಮಾನ ಕೆಟ್ಟರೆ ಹಡಗು ನಿಲ್ಲುತ್ತದೆ, ಹಾಗಾಗಿ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ಬಂದುಬಿಡಿ.