ತಲೆಯಿಲ್ಲದ ಬೇಸ್ ಗಿಟಾರ್: ಭುಜಕ್ಕೆ ಹಿತ, ತಂತಿಗೆ ಪರದಾಟ

ಮೂರು ಗಂಟೆ ನಿಂತುಕೊಂಡು ಬೇಸ್, ಅಂದರೆ ತಗ್ಗಿನ ಸ್ವರದ ಗಿಟಾರ್ ನುಡಿಸಿದವರಿಗೆ ಎಡ ಭುಜದ ನೋವು ಎಂಥದ್ದು ಅಂತ ಗೊತ್ತಿರುತ್ತದೆ. ಗಣೇಶನ ಹಬ್ಬಕ್ಕೆ ಶುರುವಾದರೆ ರಾಜ್ಯೋತ್ಸವದ ತಿಂಗಳು ಮುಗಿಯುವ ತನಕ ನಮ್ಮ ಆರ್ಕೆಸ್ಟ್ರಾಕ್ಕೆ ಶನಿವಾರ, ಭಾನುವಾರ ಬಿಡುವೇ ಇರುವುದಿಲ್ಲ. ಭುಜ ಉಳಿಸಿಕೊಳ್ಳೋಣ ಅಂತಲೇ ನಾನು ಹೆಡ್‌ಲೆಸ್ ಬೇಸ್ ತಗೊಂಡಿದ್ದು. ಕೆಲವು ವರ್ಷಗಳಿಂದ ನನ್ನ ಮುಖ್ಯ ವಾದ್ಯ ಅದೇ. ನಾಲ್ಕು ತಂತಿ, 34 ಇಂಚಿನ ಸ್ಕೇಲ್ (ಮಿಡಿಯುವ ತಂತಿಯ ಉದ್ದ), ಮರದ ನೆಕ್ (ಎಡಗೈ ಹಿಡಿಯುವ ಉದ್ದ ಕತ್ತು). ಉಳಿದ ವಿವರ ಎಲ್ಲ ಕಡೆ ಸಿಗುತ್ತದೆ, ಬಿಡಿ. ನನ್ನ ಬಜೆಟ್ 40,000 ರೂಪಾಯಿಯ ಒಳಗಿತ್ತು. ಅದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಮೊದಲು ಖುಷಿಯ ವಿಷಯ. ಸಾಮಾನ್ಯ ಬೇಸ್‌ನಲ್ಲಿ ನೆಕ್ ತುದಿಗೆ ಒಂದು ಮರದ ತಲೆ, ಅದರ ಮೇಲೆ ತಂತಿ ಬಿಗಿಸುವ ನಾಲ್ಕು ದಪ್ಪ ಕೀ. ಅಷ್ಟೂ ಭಾರ ಭುಜದಿಂದ ದೂರದಲ್ಲಿ ನೇತಾಡುತ್ತದೆ. ಕೈ ಬಿಟ್ಟರೆ ನೆಕ್ ನೆಲದ ಕಡೆ ವಾಲುತ್ತದೆ. ಗಿಬ್ಸನ್ ಥಂಡರ್‌ಬರ್ಡ್ ತರಹದ ಬೇಸ್ ಹಿಡಿದವರಿಗಂತೂ ಇದು ಚೆನ್ನಾಗಿ ಗೊತ್ತು. ಆಗ ಎಡಗೈಗೆ ಎರಡು ಕೆಲಸ: ಸ್ವರ ಒತ್ತುವುದು, ನೆಕ್ ಎತ್ತಿ ಹಿಡಿಯುವುದು. ನನ್ನ ಹೆಡ್‌ಲೆಸ್‌ನಲ್ಲಿ ಟ್ಯೂನಿಂಗ್ ಮಾಡುವ ತಿರುಪು ಎಲ್ಲ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ) ಹತ್ತಿರ, ಬಲಗೈ ಪಕ್ಕದಲ್ಲೇ ಇವೆ. ನೆಕ್ ನಾನು ಬಿಟ್ಟ ಕಡೆಯೇ ನಿಲ್ಲುತ್ತದೆ. ನಿರೂಪಕರು ಮಾತು ಉದ್ದ ಮಾಡಿದಾಗ ಎರಡೂ ಕೈ ಬಿಟ್ಟು ನೀರು ಕುಡಿಯುತ್ತೇನೆ. ಮೊದಲ ಸೀಸನ್‌ನಲ್ಲೇ ಭುಜ ಹಗುರ ಆಯಿತು. ಎಡಗೈ ಹೆಬ್ಬೆರಳು ಕೂಡ ನೆಕ್ಕನ್ನು ಅದುಮಿ ಹಿಡಿಯುವ ಅಭ್ಯಾಸ ಬಿಟ್ಟಿತು. ಇದು ನಾನು ನಿರೀಕ್ಷಿಸಿದ್ದಲ್ಲ.

ಇನ್ನೊಂದು ಸುಖ ಬಸ್ಸಿನದು. ಉದ್ದ ಏಳೆಂಟು ಇಂಚು ಕಮ್ಮಿ. ಅಷ್ಟಕ್ಕೇ ಬ್ಯಾಗ್ ಡಿಕ್ಕಿಗೆ ಹೋಗುವ ಬದಲು ನನ್ನ ಕಾಲ ನಡುವೆ ಕೂರುತ್ತದೆ. ದಾವಣಗೆರೆಗೆ ರಾತ್ರಿ ಬಸ್ ಹತ್ತಿದರೆ ಡಿಕ್ಕಿಯಲ್ಲಿ ಸ್ಪೀಕರ್ ಬಾಕ್ಸ್ ಬೇಸ್ ಮೇಲೆ ಬಿತ್ತೇನೋ ಅಂತ ಯೋಚಿಸದೆ ನಿದ್ದೆ ಮಾಡಬಹುದು. ಬೇಸ್ ಗಿಟಾರ್ ಹುಟ್ಟಿದ್ದೇ ಇದಕ್ಕೆ ಅಲ್ವಾ? 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದಾಗ ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುತ್ತಿದ್ದವರಿಗೆ ಕೈಯಲ್ಲಿ ಹಿಡಿದು ಓಡಾಡುವ ವಾದ್ಯ ಸಿಕ್ಕಿತು. ನೆಕ್ ಮೇಲೆ ಫ್ರೆಟ್ (ಅಡ್ಡ ಲೋಹದ ಪಟ್ಟಿ) ಇದ್ದದ್ದರಿಂದ ಸ್ವರವೂ ಸರಿಯಾದ ಜಾಗದಲ್ಲಿ ಬೀಳುತ್ತಿತ್ತು. ಇವತ್ತು ನಾವು ಸಂಪ್ರದಾಯ ಅನ್ನುವ ಬೇಸ್ ಅವತ್ತು ಎಲ್ಲರಿಗೂ ವಿಚಿತ್ರವೇ. ಡಬಲ್ ಬೇಸ್‌ನವರಲ್ಲಿ ಎಷ್ಟೋ ಜನ ಅದನ್ನು ವಾದ್ಯ ಅಂತ ಒಪ್ಪಿಕೊಳ್ಳಲೇ ಇಲ್ಲ.

ತಲೆ ತೆಗೆದು ನೋಡೋಣ ಅಂತ ಹೊರಟ ನೆಡ್ ಸ್ಟೈನ್‌ಬರ್ಗರ್ ಬೇಸ್ ವಾದಕ ಅಲ್ಲ, ಪೀಠೋಪಕರಣ ವಿನ್ಯಾಸ ಮಾಡುತ್ತಿದ್ದವರು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಬೇಸ್ ತಯಾರಿಸುತ್ತಿದ್ದ ಸ್ಟುವರ್ಟ್ ಸ್ಪೆಕ್ಟರ್‌ಗೆ ಮೊದಲು ಮೈಗೆ ಒಗ್ಗುವ ಬಾಗಿದ ಬಾಡಿ ವಿನ್ಯಾಸ ಮಾಡಿಕೊಟ್ಟರು. ನೆಕ್ ವಾಲುವ ಸಮಸ್ಯೆ ಆಮೇಲೂ ಅವರನ್ನು ಬಿಡಲಿಲ್ಲ. ಕೊನೆಗೆ ತಲೆಯನ್ನೇ ತೆಗೆದರು. 1980ರ ಹೊತ್ತಿಗೆ ಬಂದ ಎಲ್2 ಬೇಸ್‌ನಲ್ಲಿ ಮರವೇ ಇರಲಿಲ್ಲ. ಕಾರ್ಬನ್ ಫೈಬರ್, ಗ್ಲಾಸ್ ಫೈಬರ್, ಎಪಾಕ್ಸಿ ಅಂಟು. ಬಾಡಿ ಅಂದರೆ ಒಂದು ಚಿಕ್ಕ ಪೆಟ್ಟಿಗೆ. ಕೂತು ನುಡಿಸುವಾಗ ತೊಡೆಯ ಮೇಲೆ ಇಡೋಕೆ ಮಡಚುವ ಪಟ್ಟಿ ಬೇಕಾಯಿತು. ಟೋನಿ ಲೆವಿನ್, ಸ್ಟಿಂಗ್, ಗೆಡ್ಡಿ ಲೀ ಅಂಥ ಹೆಸರಾಂತ ಬೇಸ್ ವಾದಕರು ಅದನ್ನು ಹಿಡಿದು ವೇದಿಕೆ ಹತ್ತಿದರು. ದೊಡ್ಡವರು ಒಪ್ಪಿದ ಮೇಲೆ ಉಳಿದವರೂ ಒಪ್ಪುತ್ತಾರೆ ಅನ್ನಿಸುತ್ತದೆ. ಹಾಗಾಗಲಿಲ್ಲ. ಗೆಡ್ಡಿ ಲೀ ಮುಂದೆ ತಮ್ಮ ಹಳೆಯ ಫೆಂಡರ್ ಜಾಝ್ ಬೇಸ್‌ಗೇ ವಾಪಸ್ ಬಂದರು. ಸ್ಟಿಂಗ್ ಕೈಯಲ್ಲಿ ಈಗ ನಮಗೆ ಕಾಣುವುದು ಐವತ್ತರ ದಶಕದ, ಬಣ್ಣ ಸವೆದ ಪ್ರಿಸಿಷನ್.

ಯಾಕೆ ಅಂತ ನನಗೆ ಅರ್ಥವಾಗಿದ್ದು ವೇದಿಕೆಯ ಮೇಲೆ. ನಮ್ಮ ಕೀಬೋರ್ಡ್ ಅಣ್ಣ ಮೊದಲ ದಿನ ನೋಡಿ, "ಏನಪ್ಪಾ, ಅರ್ಧ ಮುರಿದಿರೋ ತರ ಕಾಣುತ್ತಲ್ಲ ಇದು?" ಅಂದರು. ಕಾರ್ಯಕ್ರಮ ಮುಗಿದ ಮೇಲೆ ಸೌಂಡ್ ಚೆನ್ನಾಗಿದೆ ಅಂತಲೂ ಹೇಳಿದರು. ಆದರೆ ಸಂಘಟಕರ ಫೋಟೋಗೆ ನಿಲ್ಲುವಾಗ ಮಾತ್ರ "ಹಳೇದನ್ನೇ ತಾರಪ್ಪಾ" ಅನ್ನುತ್ತಾರೆ. ಕಿವಿ ಬೇಗ ಒಪ್ಪುತ್ತದೆ, ಕಣ್ಣಿಗೆ ಸಮಯ ಬೇಕು. ಹಾಗಂತ ಕಣ್ಣು ಹೊಸ ರೂಪವನ್ನೆಲ್ಲ ಬೇಡ ಅನ್ನುವುದೂ ಇಲ್ಲ. ಹಾಫ್ನರ್ 500/1 ನೋಡಿ. ಪಿಟೀಲಿನ ಆಕಾರದ ಬೇಸ್ ಅಂದರೆ ಅದೂ ವಿಚಿತ್ರವೇ. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಅದನ್ನು ಕೊಂಡಿದ್ದು ಅಗ್ಗ ಅಂತ, ಮತ್ತೆ ಎರಡೂ ಕಡೆ ಒಂದೇ ತರ ಇರೋದರಿಂದ ಎಡಗೈಯವರು ತಿರುಗಿಸಿ ಹಿಡಿದರೂ ವಿಕಾರ ಕಾಣಲ್ಲ ಅಂತ. ಪಿಟೀಲು ಎಲ್ಲರೂ ನೋಡಿದ ವಾದ್ಯ. ಹಾಗಾಗಿ ಜನ ಅದನ್ನು ಅಕ್ಕರೆಯಿಂದಲೇ ಒಪ್ಪಿದರು. ಎಲ್2ಗೆ ಹಾಗೆ ನೆನಪಿಸಿಕೊಳ್ಳಲು ಹಿಂದಿನದು ಯಾವುದೂ ಇರಲಿಲ್ಲ ಅನ್ನುವುದು ನನ್ನ ಲೆಕ್ಕ.

ಕೈಯ ವಿಷಯವೂ ಇದೆ, ಇದನ್ನು ಹಗುರವಾಗಿ ತಗೋಬೇಡಿ. ಬೇಸ್ ನುಡಿಸುವಾಗ ನಾವು ನೆಕ್ ಜಾಸ್ತಿ ನೋಡುವುದಿಲ್ಲ. ಕಣ್ಣಂಚಿನಲ್ಲಿ ತಲೆ ಎಲ್ಲಿದೆ ಅಂತ ಗೊತ್ತಿರುತ್ತದೆ, ಅದರ ಅಂದಾಜಿನ ಮೇಲೆ ಕೈ ಮೊದಲನೇ ಫ್ರೆಟ್‌ಗೆ ಹೋಗುತ್ತದೆ. ತಲೆ ಇಲ್ಲದಿದ್ದರೆ ಆ ಗುರುತೇ ಇಲ್ಲ. ಎಫ್ ಅಂತ ಒತ್ತಿದ್ದು ಎಫ್ ಶಾರ್ಪ್ ಆಗುತ್ತದೆ. ಈ ಗೊಂದಲ ಕಳೆಯೋಕೆ ಕೆಲವು ವಾರ ಬೇಕಾಯಿತು. ನೆಕ್ ಪಕ್ಕದ ಚುಕ್ಕಿ ನೋಡುವ ಹೊಸ ಅಭ್ಯಾಸ ಮಾಡಿಕೊಂಡೆ. ಕ್ಲಿಪ್ ಟ್ಯೂನರ್ (ಶ್ರುತಿ ತೋರಿಸುವ ಪುಟ್ಟ ಯಂತ್ರ) ಸಿಕ್ಕಿಸಲು ಜಾಗ ಇಲ್ಲ, ಗೋಡೆಯ ಕೊಕ್ಕೆಗೆ ನೇತು ಹಾಕಲು ತಲೆ ಇಲ್ಲ. ಇವೆಲ್ಲ ಸಣ್ಣವು, ಹೊಂದಿಕೊಳ್ಳಬಹುದು.

ಸೌಂಡ್ ಬಗ್ಗೆ ಒಂದೇ ಮಾತು, ಆದರೆ ಮುಖ್ಯವಾದದ್ದು. ನನ್ನ ಹಳೆಯ ಬೇಸ್‌ನಲ್ಲಿ ಜಿ ತಂತಿಯ ಐದು, ಆರನೇ ಫ್ರೆಟ್ ಹತ್ತಿರ ಸ್ವರ ಬೇಗ ಸಾಯುತ್ತದೆ. ನೆಕ್ ತಾನೇ ಆ ಸ್ವರಕ್ಕೆ ಕಂಪಿಸಿ ತಂತಿಯ ಶಕ್ತಿಯನ್ನು ನುಂಗಿಬಿಡುವುದೇ ಕಾರಣ. ಹೆಡ್‌ಸ್ಟಾಕ್‌ಗೆ, ಅಂದರೆ ಆ ಮರದ ತಲೆಗೆ, ಒಂದು ಕ್ಲ್ಯಾಂಪ್ ಹಾಕಿದರೆ ಆ ಸತ್ತ ಜಾಗ ಸ್ವಲ್ಪ ಸರಿಯುತ್ತದೆ. ತಲೆಯ ಭಾರಕ್ಕೂ ಅದಕ್ಕೂ ಇರುವ ನಂಟು ಅಲ್ಲೇ ಗೊತ್ತಾಗುತ್ತದೆ. ನನ್ನ ಹೆಡ್‌ಲೆಸ್‌ನಲ್ಲಿ ಆ ಜಾಗದ ಸ್ವರಗಳು ಪಕ್ಕದವುಗಳ ಸಮಕ್ಕೇ ನಿಲ್ಲುತ್ತವೆ. ನಿಧಾನ ಲಯದ ಹಾಡಿನಲ್ಲಿ ಉದ್ದ ಸ್ವರ ಹಿಡಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಇಲ್ಲಿ ತನಕ ಎಲ್ಲ ಚೆಂದ. ಕಿರಿಕಿರಿ ಶುರುವಾಗಿದ್ದು ತಂತಿ ಬದಲಾಯಿಸುವ ಹೊತ್ತು ಬಂದಾಗ. ನನ್ನ ಬೇಸ್ ಕೇಳುವುದು ಡಬಲ್ ಬಾಲ್ ತಂತಿ, ಅಂದರೆ ಎರಡೂ ತುದಿಯಲ್ಲಿ ಗುಂಡು ಇರುವಂಥದ್ದು. ಉದ್ದ ಸರಿಯಾಗಿ ಇಷ್ಟೇ ಇರಬೇಕು, ಕತ್ತರಿಸಿ ಹೊಂದಿಸುವ ಹಾಗಿಲ್ಲ. ಬೆಂಗಳೂರಿನಲ್ಲಿ ನಾನು ಹೋಗುವ ಅಂಗಡಿಗಳಲ್ಲಿ ಸಾಮಾನ್ಯ ಸೆಟ್ ಗೋಡೆ ತುಂಬ ನೇತಾಡುತ್ತಿರುತ್ತದೆ, ಇದೊಂದು ಇರುವುದಿಲ್ಲ. "ಆರ್ಡರ್ ಹಾಕ್ತೀವಿ ಸರ್" ಅನ್ನುತ್ತಾರೆ. ದುಡ್ಡೂ ಜಾಸ್ತಿ, ಕಾಯುವುದೂ ಜಾಸ್ತಿ. ಫ್ಲಾಟ್‌ವೂಂಡ್ (ಚಪ್ಪಟೆ ಸರಿಗೆ ಸುತ್ತಿದ ತಂತಿ) ಕೇಳಿದರೆ ಮುಗಿದೇ ಹೋಯಿತು. ನಾವು ನುಡಿಸುವ ಹಳೆಯ ಹಾಡುಗಳಿಗೆ ಆ ನಯವಾದ, ಗುಮ್ಮೆನ್ನುವ ದನಿಯೇ ಬೇಕು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್ ಬೇಸ್‌ಗೆ ಹಾಕಿದ್ದು ಫ್ಲಾಟ್‌ವೂಂಡ್ ತಂತಿ. ಬಾರಿಸಿ ಬಾರಿಸಿ ಹಳತಾದಷ್ಟೂ ಅದರ ದನಿ ಹದವಾಗುತ್ತದೆ. ಆ ದಾರಿ ನನಗೆ ಮುಚ್ಚಿಹೋಗಿತ್ತು.

ಕೊನೆಗೆ ಒಂದು ಅಡಾಪ್ಟರ್ ತರಿಸಿದೆ. ನೆಕ್ ತುದಿಗೆ ಕೂರುವ ಲೋಹದ ತುಂಡು, ನಾಲ್ಕು ಗ್ರಬ್ ಸ್ಕ್ರೂ (ತಲೆಯಿಲ್ಲದ ಚಿಕ್ಕ ತಿರುಪು). ಸಾಮಾನ್ಯ ತಂತಿಯ ಬಾಲವನ್ನು ಅದು ಕಚ್ಚಿ ಹಿಡಿಯುತ್ತದೆ. ಈಗ ತಂತಿ ಬದಲಾಯಿಸುವುದು ನನ್ನ ಭಾನುವಾರದ ಬೆಳಗಿನ ಕೆಲಸ. ಕಾಫಿ ಮುಗಿಸಿ, ಹಳೇ ಪೇಪರ್ ಹಾಸಿ, ಬೇಸ್ ಮಲಗಿಸುತ್ತೇನೆ. ಒಂದೊಂದೇ ತಂತಿ ಬಿಚ್ಚುತ್ತೇನೆ, ನಾಲ್ಕನ್ನೂ ಒಟ್ಟಿಗೆ ಅಲ್ಲ. ಮೊದಲು ಬ್ರಿಡ್ಜ್‌ನ ತಿರುಪು ಪೂರ್ತಿ ಸಡಿಲ ಮಾಡಬೇಕು. ಅದು ಎಳೆಯುವ ದೂರ ಬಹಳ ಕಮ್ಮಿ. ತಂತಿಯನ್ನು ಸಡಿಲವಾಗಿ ಕಚ್ಚಿಸಿದರೆ ಶ್ರುತಿಗೆ ಬರುವ ಮೊದಲೇ ತಿರುಪು ತುದಿ ಮುಟ್ಟುತ್ತದೆ. ಹಾಗಾಗಿ ಗುಂಡನ್ನು ಬ್ರಿಡ್ಜ್‌ನಲ್ಲಿ ಕೂರಿಸಿ, ಇನ್ನೊಂದು ತುದಿಯನ್ನು ಇಕ್ಕಳದಿಂದ ಬಿಗಿಯಾಗಿ ಎಳೆದು ಹಿಡಿದೇ ಆರು ಮೂಲೆಯ ಅಲೆನ್ ಕೀಯಿಂದ ಸ್ಕ್ರೂ ತಿರುಗಿಸಬೇಕು. ಆಮೇಲೆ ಬಾಲವನ್ನು ನೇರ ಕೆಳಕ್ಕೆ ಬಗ್ಗಿಸಿ, ಬಗ್ಗಿಸಿದ ಮೇಲೆಯೇ ಕತ್ತರಿಸಬೇಕು. ಒಳಗಿನ ಸರಿಗೆ ದುಂಡಗಿರುವ ತಂತಿಯನ್ನು ಬಗ್ಗಿಸದೆ ಕತ್ತರಿಸಿದರೆ ಮೇಲಿನ ಸುತ್ತು ಬಿಚ್ಚಿಕೊಂಡು ತಂತಿ ಸತ್ತ ಸದ್ದು ಮಾಡುತ್ತದೆ. ಇ ತಂತಿಯ ತಿರುಪಿನ ಸುರುಳಿ ಗೀರಿಗೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಹಾಕುತ್ತೇನೆ, ಇಲ್ಲದಿದ್ದರೆ ಬೆವರಿದ ಬೆರಳಿಗೆ ಅದು ತಿರುಗುವುದೇ ಇಲ್ಲ. ಇಷ್ಟು ಮಾಡಿದ ಮೇಲೆ ಶ್ರುತಿ ಕೂರುವ ರೀತಿ ನೋಡಬೇಕು. ಕೀಗೆ ಸುತ್ತಿದ ಸುರುಳಿ ಇಲ್ಲದ್ದರಿಂದ ಜಾರಲು ಏನೂ ಇಲ್ಲ. ಸೌಂಡ್‌ಚೆಕ್‌ನಲ್ಲಿ ಒಮ್ಮೆ ನೋಡಿದರೆ ಸಾಕು, ಮಂಗಳಾರತಿ ಆಗುವ ತನಕ ಮುಟ್ಟುವ ಹಾಗಿಲ್ಲ.

ಆದರೆ ಅಡಾಪ್ಟರ್ ಜೊತೆ ಬಂದ ಸ್ಕ್ರೂಗಳು ಮೆತ್ತಗಿನ ಲೋಹದವು. ಬೇಗ ಅಲೆನ್ ಕೀ ಕೂರುವ ಗುಣಿ ಸವೆದು ಸುಮ್ನೆ ಸುತ್ತಲು ಶುರುವಾಯಿತು. ಇಷ್ಟು ದುಡ್ಡು ತಗೊಂಡು ಹೀಗೆ ಮಾಡಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅದೇ ಅಳತೆಯ ಗಟ್ಟಿ ಸ್ಟೀಲ್ ಸ್ಕ್ರೂ ಸಿಕ್ಕಿತು, ಬೆಲೆ ಒಂದು ಟೀಗೂ ಕಮ್ಮಿ. ತಯಾರಿಸುವವರು ಆ ನಾಲ್ಕು ಸ್ಕ್ರೂ ಮೊದಲೇ ಹಾಕಿದ್ದರೆ ಏನು ಕಳೆದುಕೊಳ್ಳುತ್ತಿದ್ದರು? ಹೊಸ ವಿನ್ಯಾಸದ ವಾದ್ಯವನ್ನು ಜನ ಬೇಡ ಅನ್ನುವುದಕ್ಕೆ ಬರೀ ಹಟವೇ ಕಾರಣ ಅಂತ ಹೇಳುವವರಿದ್ದಾರೆ. ಊರೂರು ತಿರುಗುವವರಿಗೆ ಇಂಥ ಚಿಕ್ಕ ಬಿಡಿಭಾಗವೇ ದೊಡ್ಡ ಕಾರಣ. ಹಾಸನದಲ್ಲಿ ಫೆಂಡರ್ ತರಹದ ಬೇಸ್ ಕೆಟ್ಟರೆ ಪಕ್ಕದ ತಂಡದವರ ಹತ್ತಿರ ಒಂದು ತಂತಿ, ಒಂದು ಕೀ ಸಾಲ ಸಿಗುತ್ತದೆ. ನನ್ನದಕ್ಕೆ ಏನೂ ಸಿಗುವುದಿಲ್ಲ.

ಈಗ ಕಾಲ ಸ್ವಲ್ಪ ಬದಲಾಗಿದೆ. ಐಬನೆಜ್ ಕಂಪನಿ 2020ರಲ್ಲಿ ತಂದ ಇಎಚ್‌ಬಿ ಸಾಲಿನ ಹೆಡ್‌ಲೆಸ್ ಬೇಸ್‌ಗಳು ಸಾಮಾನ್ಯ ತಂತಿಯನ್ನೇ ಹಿಡಿಯುತ್ತವೆ. ನನ್ನ ಬಜೆಟ್ಟಿಗೆ ಅದು ಎಟುಕುವುದಿಲ್ಲ. ನಿಮಗೆ ಎಟುಕಿದರೆ ಡಬಲ್ ಬಾಲ್ ಮಾತ್ರ ಹಿಡಿಯುವ ಮಾಡೆಲ್ ಕಡೆ ಹೋಗಲೇಬೇಡಿ. ನನ್ನಂತೆ ಕಮ್ಮಿ ದುಡ್ಡಿನಲ್ಲಿ ತಗೊಳ್ಳುವುದಾದರೆ ಅಡಾಪ್ಟರ್ ಖರ್ಚನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಗಟ್ಟಿ ಸ್ಕ್ರೂ ಒಂದು ಸೆಟ್, ಅಲೆನ್ ಕೀ ಎರಡು ಬ್ಯಾಗಿನಲ್ಲಿ ಇರಲಿ. ನೆಕ್ ಮರದ್ದಾದರೆ ಮಳೆಗಾಲದಲ್ಲಿ ಕರಾವಳಿಗೆ ಹೋದಾಗ ಟ್ರಸ್ ರಾಡ್ (ನೆಕ್ ಬಾಗದಂತೆ ಅದರೊಳಗಿರುವ ಕಂಬಿ) ಸ್ವಲ್ಪ ತಿರುಗಿಸಬೇಕಾಗಬಹುದು. ಅದರ ತುದಿ ಎಲ್ಲಿದೆ ಅಂತ ಅಂಗಡಿಯಲ್ಲೇ ಕೇಳಿಕೊಳ್ಳಿ.

ಭುಜ ಚೆನ್ನಾಗಿರುವವರು, ಸ್ವಂತ ಗಾಡಿಯಲ್ಲಿ ಓಡಾಡುವವರು ಇದಕ್ಕೆ ದುಡ್ಡು ಹಾಕಬೇಕಾಗಿಲ್ಲ. ನಾನಂತೂ ಮಾರುವುದಿಲ್ಲ. ನನ್ನ ಹೆಡ್‌ಲೆಸ್‌ಗೆ ಈಗ ಫ್ಲಾಟ್‌ವೂಂಡ್ ಹಾಕಿದ್ದೇನೆ, ಗೌರಿ ಹಬ್ಬದ ಹೊತ್ತಿಗೆ ಅದು ಹದಕ್ಕೆ ಬರುತ್ತದೆ.