ಪೆಟ್ರೋಲ್ ಮುಳ್ಳಿನ ರಿಪೇರಿ: ಶೋರೂಮಿನ ಎಸ್ಟಿಮೇಟ್, ಜೆ.ಸಿ. ರಸ್ತೆಯ ಫ್ಲೋಟ್, ನಮ್ಮೂರ ಎಲೆಕ್ಟ್ರಿಷಿಯನ್

ನಮ್ಮ ಹದಿಮೂರು ವರ್ಷದ ಕಾರಿನ ಪೆಟ್ರೋಲ್ ಮುಳ್ಳು ಹಂಪ್ ಹಾರಿದಾಗ ಮಾತ್ರ ನಿಜ ಹೇಳುತ್ತಿತ್ತು. ಕಾಲು ಟ್ಯಾಂಕಿಗಿಂತ ಕೆಳಗಿಳಿದರೆ ‘ಇ’ ಮೇಲೆ ಮಲಗಿಬಿಡುವುದು, ಗುಂಡಿಯಲ್ಲಿ ಚಕ್ರ ಬಿದ್ದರೆ ಎದ್ದು ಕೂರುವುದು. ಇದನ್ನು ಸರಿಮಾಡಿಸಲು ಮೂರು ಬಾಗಿಲು ತಟ್ಟಿದೆ. ಕೆಲಸವಾದದ್ದು ಮೂರನೆಯ ಬಾಗಿಲಲ್ಲಿ, 400 ರೂಪಾಯಿಗೆ. ಹಾಗಾಗಿ ಈ ಬರಹದಲ್ಲಿ ನಾನು ಯಾರ ಪಕ್ಷ ಅಂತ ಕೇಳಬೇಡಿ.

ಶೋರೂಮಿನ ವಿಷಯ ಬೇಗ ಮುಗಿಸುತ್ತೇನೆ. “ಕ್ಲಸ್ಟರ್ ಇರಬಹುದು, ಫ್ಲೋಟ್ ಇರಬಹುದು, ಮೊದಲು ಕ್ಲಸ್ಟರ್ ಬದಲಿಸಿ ನೋಡೋಣ” ಎಂದರು. ಕ್ಲಸ್ಟರ್ ಅಂದರೆ ಸ್ಟೀರಿಂಗ್ ಮುಂದಿನ ಮೀಟರುಗಳ ಡಬ್ಬಿ, ಫ್ಲೋಟ್ ಅಂದರೆ ಟ್ಯಾಂಕಿನೊಳಗೆ ತೇಲುತ್ತ ಪೆಟ್ರೋಲಿನ ಮಟ್ಟವನ್ನು ಮುಳ್ಳಿಗೆ ತಿಳಿಸುವ ಭಾಗ. ಕ್ಲಸ್ಟರಿಗೆ 9,200. ಫ್ಲೋಟ್ ಬಿಡಿಯಾಗಿ ಬರುವುದಿಲ್ಲವಂತೆ, ಪಂಪ್ ಸಮೇತ ಇಡೀ ಸೆಟ್ಟಿಗೆ 7,600. ಮಾರಿದರೆ ಒಂದು ಲಕ್ಷದ ಮೇಲೆ ಎಷ್ಟು ಬಂದೀತೋ ಅನ್ನುವ ಕಾರಿಗೆ ‘ನೋಡೋಣ’ ಎಂದುಕೊಂಡು ಒಂಬತ್ತು ಸಾವಿರ ಹಾಕುವ ಧೈರ್ಯ ನನಗಿಲ್ಲ.

ಮನೆ ಹತ್ತಿರದ ಮೆಕ್ಯಾನಿಕ್ ಆ ಅನುಮಾನವನ್ನು ಐದು ನಿಮಿಷದಲ್ಲಿ ಪರಿಹರಿಸಿದ. ಹಿಂದಿನ ಸೀಟೆತ್ತಿ, ಕೆಳಗಿನ ತಗಡಿನ ಮುಚ್ಚಳ ತೆಗೆದು, ಪ್ಲಗ್ ಕಳಚಿ, ಫ್ಲೋಟಿನ ಎರಡು ವೈರುಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿದ. ಕೀ ತಿರುಗಿಸಿದೊಡನೆ ಮುಳ್ಳು ‘ಎಫ್’ ಕಡೆ ಹತ್ತಿತು. ಅಂದರೆ ಮೀಟರ್ ಗಟ್ಟಿಮುಟ್ಟಾಗಿದೆ, ಕಾಯಿಲೆ ಇರುವುದು ಟ್ಯಾಂಕಿನೊಳಗೆ. (ಅದೇ ಪ್ಲಗ್ಗಿನಲ್ಲಿ ಪಂಪಿನ ವೈರುಗಳೂ ಇರುತ್ತವೆ. ಯಾವುದು ಯಾವುದೆಂದು ಗೊತ್ತಿಲ್ಲದವರು ಕೈ ಹಾಕಬೇಡಿ.)

ಮುಂದಿನ ವಾರ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ 650 ರೂಪಾಯಿಗೆ ಡೂಪ್ಲಿಕೇಟ್ ಫ್ಲೋಟ್ ಸಿಕ್ಕಿತು. ನೋಡಲು ಒರಿಜಿನಲ್ಲಿನ ಅವಳಿ ತಮ್ಮ. ಮೆಕ್ಯಾನಿಕ್ ಹಾಕಿಕೊಟ್ಟ, ಕೂಲಿ 500. ಮುಳ್ಳು ಮಲಗುವುದು ನಿಂತಿತು. ಎಷ್ಟು ಚೆನ್ನಾಗಿ ನಿಂತಿತೆಂದರೆ, ಹದಿನೈದು ದಿನದ ನಂತರ ರಾತ್ರಿ ತುಮಕೂರಿಗೆ ವಾಪಸ್ ಬರುವಾಗ ದಾಬಸ್‌ಪೇಟೆ ದಾಟಿ ಗಾಡಿ ನಿಂತೇ ಹೋಯಿತು, ಮುಳ್ಳು ಮಾತ್ರ ಇನ್ನೂ ಕಾಲು ಟ್ಯಾಂಕ್ ತೋರಿಸುತ್ತಿತ್ತು! ಬಂಕಿನವರು ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ ಎಂದರು. ಭಾವಮೈದ ಬೈಕಿನಲ್ಲಿ ಬಂದು, ತನ್ನ ಟ್ಯಾಂಕಿನಿಂದ ಪೈಪ್ ಹಾಕಿ ಎಳೆದು ಕೊಟ್ಟ. ಆ ಕಥೆ ಈಗ ಪ್ರತಿ ಹಬ್ಬದ ಊಟಕ್ಕೂ ಉಪ್ಪಿನಕಾಯಿ.

ಕಾರಣ ಆಮೇಲೆ ಮಲ್ಟಿಮೀಟರಿನಲ್ಲಿ ಕಂಡಿತು. ನನ್ನ ಕಾರಿನಲ್ಲಿ ಟ್ಯಾಂಕ್ ತುಂಬಿದ್ದರೆ ಓಮ್ (ಕರೆಂಟಿಗೆ ಫ್ಲೋಟ್ ಒಡ್ಡುವ ತಡೆಯ ಅಳತೆ) ಕಡಿಮೆ, ಖಾಲಿಯಾದಷ್ಟೂ ಜಾಸ್ತಿ. ಒರಿಜಿನಲ್ ಫ್ಲೋಟ್ ತಳ ಮುಟ್ಟಿದಾಗ 110ರ ಆಸುಪಾಸು, ಡೂಪ್ಲಿಕೇಟ್ 82ಕ್ಕೇ ನಿಲ್ಲುತ್ತದೆ. ಪಾಪ, ಮೀಟರಿಗೇನು ಗೊತ್ತು?

ಹಳೇ ಫ್ಲೋಟನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದು ಪುಣ್ಯ. ಬಸ್‌ಸ್ಟ್ಯಾಂಡ್ ಹಿಂದಿನ ಆಟೋ ಎಲೆಕ್ಟ್ರಿಷಿಯನ್ ಅದನ್ನು ಬೆಳಕಿಗೆ ಹಿಡಿದು ನೋಡಿ, “ಸಾರ್, ನೀವು ಯಾವಾಗಲೂ ಐನೂರು ರೂಪಾಯಿಗೇ ಹಾಕಿಸ್ತೀರಾ?” ಎಂದು ಕೇಳಿದ. ಹೌದು. ಅದು ಇವನಿಗೆ ಹೇಗೆ ಗೊತ್ತು? ತೋರಿಸಿದ: ಫ್ಲೋಟಿನ ತೋಳಿನ ತುದಿಯ ತೆಳ್ಳನೆ ಲೋಹದ ಬೆರಳುಗಳು, ಓಮ್ ಬದಲಿಸುವ ಪಟ್ಟಿಯ ಕೆಳತುದಿಯಲ್ಲೇ ಸದಾ ಓಡಾಡಿ, ಅಲ್ಲಷ್ಟೇ ಸವೆದು ಗೆರೆ ಬಿದ್ದಿತ್ತು. ಮೇಲರ್ಧ ಹೊಸದರಂತಿತ್ತು. ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಆ ಬೆರಳುಗಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಬಾಗಿಸಿ, ಸವೆಯದ ಜಾಗದ ಮೇಲೆ ಓಡುವಂತೆ ಮಾಡಿದ. ಉಪ್ಪುಕಾಗದ ಮುಟ್ಟಿಸಲಿಲ್ಲ.

ಇಷ್ಟರಲ್ಲಿ ನನ್ನ ನೆಮ್ಮದಿ ಕೆಡಿಸಿದ್ದು ಮುಳ್ಳಲ್ಲ, ಟ್ಯಾಂಕಿನ ಬಾಯಿಗೆ ಕೂರುವ ರಬ್ಬರ್ ರಿಂಗ್. ವರ್ಷಗಟ್ಟಲೆ ಪೆಟ್ರೋಲಿನ ಆವಿ ಕುಡಿದ ಈ ರಿಂಗನ್ನು ಒಮ್ಮೆ ಹೊರತೆಗೆದರೆ ಮತ್ತೆ ತನ್ನ ಜಾಗದಲ್ಲಿ ಕೂರುವುದಿಲ್ಲ, ಒಂದು ಬೆರಳಗಲ ಉದ್ದ ಮಿಕ್ಕುತ್ತದೆ. ಮೊದಲ ಸಲ ಮೆಕ್ಯಾನಿಕ್ ಅದನ್ನು ಸ್ಕ್ರೂಡ್ರೈವರಿನಿಂದ ತುರುಕಿ, ಮೇಲೆ ಲಾಕ್ ರಿಂಗ್ ಬಿಗಿದು ಕಳಿಸಿದ್ದ. ಮಾರನೆಯ ದಿನದಿಂದ ಕಾರಿನೊಳಗೆ ಪೆಟ್ರೋಲ್ ವಾಸನೆ. ಕಿಟಕಿ ಇಳಿಸಿದರೆ ಧೂಳು, ಏರಿಸಿದರೆ ತಲೆನೋವು. ಮಗಳು ಹಿಂದೆ ಕೂರುವುದಿಲ್ಲ ಎಂದಳು. ವಾಸನೆ ಬಂದರೆ ಸೀಟಿನಡಿ ಆವಿ ತುಂಬುತ್ತಿದೆ ಎಂದೇ ಅರ್ಥ, ಅದರೊಡನೆ ಆಟ ಸಲ್ಲದು. ಮೆಕ್ಯಾನಿಕ್ ಹತ್ತಿರ ಎರಡು ಸಲ ವಾಪಸ್ ಹೋದೆ. ಎರಡು ಸಲವೂ ಇನ್ನಷ್ಟು ಬಿಗಿದ.

ಎಲೆಕ್ಟ್ರಿಷಿಯನ್ ಮಾಡಿದ್ದು ಬೇರೆ. ಬೆಳಿಗ್ಗೆಯೇ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ, ರಿಂಗ್ ತೆಗೆದು ಬಿಸಿಲಿನ ಗೋಡೆಯ ಮೇಲೆ ಹಪ್ಪಳದಂತೆ ಒಣಹಾಕಿದ. ಟ್ಯಾಂಕಿನ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಕಟ್ಟಿದ. “ಮಧ್ಯಾಹ್ನ ಬನ್ನಿ, ಅದು ಇಳಿಯುತ್ತೆ” ಎಂದ. ನಂಬಲಿಲ್ಲ. ಊಟ ಮುಗಿಸಿ ಬಂದರೆ ಪೆಟ್ರೋಲೆಲ್ಲ ಆರಿ, ರಿಂಗ್ ಕುಗ್ಗಿ, ತನ್ನ ಜಾಗದಲ್ಲಿ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಆದರೂ ಮುಂದಿನ ಸಲಕ್ಕೆ ಹೊಸದೊಂದು ತಂದಿಟ್ಟುಕೊಳ್ಳಿ ಎಂದ. ತಂದಿಟ್ಟಿದ್ದೇನೆ. ವಾಸನೆ ಅವತ್ತೇ ಹೋಯಿತು.

ಗುಜರಿಯ ಕ್ಲಸ್ಟರ್ ಹಾಕಿಸು ಎಂದವರೂ ಇದ್ದರು. ಅದರ ಜೊತೆ ಯಾರದೋ ಕಾರಿನ ಕಿಲೋಮೀಟರ್ ಲೆಕ್ಕವೂ ಬರುತ್ತದೆ, ಬೇಡ. ಟ್ರಿಪ್ ಮೀಟರ್ ನೋಡಿಕೊಂಡು ಓಡಿಸುವುದು ಪುಕ್ಕಟೆ ಉಪಾಯ, ಆದರೆ ಅದು ಪ್ರತಿ ಸಲ ಫುಲ್ ಟ್ಯಾಂಕ್ ಮಾಡಿಸುವವರಿಗೆ.

ದೂರದ ಊರುಗಳಿಗೆ ಓಡಾಡುವ, ಇನ್ನೂ ಐದಾರು ವರ್ಷ ಅದೇ ಕಾರು ಇಟ್ಟುಕೊಳ್ಳುವ ಮನಸ್ಸಿರುವವರು 7,600 ಕೊಟ್ಟು ಪೂರ್ತಿ ಸೆಟ್ ಹಾಕಿಸಿದರೆ ತಪ್ಪೆನ್ನಲಾರೆ. ಹೊಸ ರಿಂಗೂ ಹೊಸ ಪಂಪೂ ಒಟ್ಟಿಗೇ ಬರುತ್ತವೆ. ಡೂಪ್ಲಿಕೇಟ್ ತರುವವರು ಅಂಗಡಿಯಲ್ಲೇ ಮಲ್ಟಿಮೀಟರ್ ಹಿಡಿದು ಎರಡೂ ತುದಿಯ ಓಮ್ ಅಳೆದು ತನ್ನಿ. ನನಗೆ ವಾರಕ್ಕೆ ಎರಡು ಸಲ ತುಮಕೂರಿನೊಳಗೆ, ತಿಂಗಳಿಗೊಮ್ಮೆ ಬೆಂಗಳೂರಿಗೆ ಗಾಡಿ ಹೊರಟರೆ ಆಯಿತು.

ರಿಪೇರಿಯಾಗಿ ಹನ್ನೊಂದು ತಿಂಗಳು. ಮುಳ್ಳು ಫುಲ್ ಟ್ಯಾಂಕಿಗೂ ‘ಎಫ್’ಗಿಂತ ಒಂದು ಕೂದಲು ಕೆಳಗೇ ನಿಲ್ಲುತ್ತದೆ. ಅದು ಕಂಡದ್ದೂ ಒಂದೇ ಸಲ, ಮದುವೆಗೆಂದು ಧರ್ಮಸ್ಥಳಕ್ಕೆ ಹೊರಟಾಗ. ಮಿಕ್ಕಂತೆ ಈಗಲೂ ಐನೂರು ರೂಪಾಯಿಗೇ ಹಾಕಿಸುವುದು.